ಕತ್ತಲಲ್ಲಿ ಮೂರು ಹಸಿರು ಚುಕ್ಕಿ

ಬೆಳಗಿನ ಎಂಟೂವರೆ. ಸೂರ್ಯ ಮುಳುಗಿ ಮೂರು ವಾರವಾಗಿದೆ. ಇನ್ನು ಜನವರಿ ಕೊನೆಗೇ ಅವನ ಸವಾರಿ. ಅಲಾಸ್ಕಾದ ಉತ್ತರ ತೀರದ ಈ ಇನುಪಿಯಾಟ್ ಮೂಲನಿವಾಸಿಗಳ ಊರಿನಲ್ಲಿ ಮಕ್ಕಳು ಶಾಲೆಗೆ ಹೊರಡುವ ಮೊದಲು ಹೋಮರ್ ಅಮಾಗುಕ್ ದಾರಿ ನೋಡಿಬರುತ್ತಾರೆ. ವಯಸ್ಸು ಐವತ್ತಾರು, ಕೆಲಸ ಕರಡಿ ಕಾವಲು, ನಿತ್ಯ ಏಳು ಮೈಲಿ ನಡಿಗೆ.

ಇವತ್ತು ಶಾಲೆಯ ದಾರಿಗೆ ಅಡ್ಡಲಾಗಿ ಹಿಮಕರಡಿಯೊಂದು ಮಲಗಿದೆ. ಹೋಮರ್ ಬಂದೂಕು ಎತ್ತುತ್ತಾರೆ. ನಳಿಗೆಯ ತುದಿಯಲ್ಲೊಂದು, ಕಣ್ಣಿನ ಬಳಿ ಎರಡು, ಗುರಿ ಹಿಡಿಯಲು ಕೂರಿಸಿದ ಸಾಸಿವೆ ಗಾತ್ರದ ಹಸಿರು ಚುಕ್ಕಿಗಳು, ಒಳಗೆ ತುಂಬಿದ ಅನಿಲದಿಂದ ತಾವಾಗಿಯೇ ಹೊಳೆಯುತ್ತವೆ. ಬೆಳಕು ಬಿದ್ದರೆ ಕರಡಿ ಸುಮ್ಮನಿರುವುದಿಲ್ಲ. ಗುರಿ ಕತ್ತಲಲ್ಲೇ ಸಿದ್ಧವಾಗಬೇಕು. ಮೂರೂ ಒಂದೇ ಸಾಲಿಗೆ ಬಂದ ಮೇಲೆ ಜೊತೆಗೆ ಕಾವಲಿಗೆ ಬಂದಿರುವ ನಾದಿನಿ ಬರ್ನಿಸ್ ಟಾರ್ಚ್ ಹಾಕುತ್ತಾರೆ. ಹೋಮರ್ ಹಾರಿಸಿದ, ಸದ್ದಿನಿಂದ ಹೆದರಿಸುವ ಪಟಾಕಿ ಗುಂಡು ಕರಡಿಗೂ ಇವರಿಗೂ ನಡುವೆ ಸಿಡಿಯುತ್ತದೆ. ಕರಡಿ ಎದ್ದು, ತಾನೇ ಹೊರಟಿದ್ದೆ ಎನ್ನುವಂತೆ ಸಮುದ್ರದ ಕಡೆ ನಡೆಯುತ್ತದೆ. ಈ ಚಳಿಗಾಲಕ್ಕೆ ಇದು ನಲವತ್ತೊಂದನೆಯದು.

ನಡುವೆಯೇ ಸಿಡಿಯಬೇಕು; ಕಸುಬೆಲ್ಲ ಅದರಲ್ಲಿದೆ. ಒಂಬತ್ತು ವರ್ಷದ ಹಿಂದೆ, ಹೋಮರ್ ಅವರ ಮೊದಲ ಚಳಿಗಾಲದಲ್ಲಿ ಚುಕ್ಕಿಗಳಿರಲಿಲ್ಲ. ಕಪ್ಪು ಬಂದೂಕು, ಕಪ್ಪು ಆಕಾಶ.

"ಅಂದಾಜಿನ ಮೇಲೆ ಹೊಡೆದೆ. ಕರಡಿ ಹಿಂದೆ ಹೋಗಿ ಸಿಡೀತು. ಅದು ಹೆದರಿ ನನ್ನ ಕಡೆಗೇ ಓಡಿಬಂತು. ಅಷ್ಟು ಜೋರಾಗಿ ನಾನು ನನ್ನ ಮದುವೆಗೂ ಓಡಿರ್ಲಿಲ್ಲ."

"ಅದು ನಿಜ ಭಾವ," ಎನ್ನುತ್ತಾರೆ ಬರ್ನಿಸ್. "ಅಕ್ಕ ಚರ್ಚಲ್ಲಿ ಒಂದು ಗಂಟೆ ಕಾದ್ಲು."

ಆಮೇಲೆ ಚುಕ್ಕಿ ಬಂತು, ಜೊತೆಗೆ ಧೈರ್ಯವೂ ತುಸು ಹೆಚ್ಚಾಗಿಯೇ ಬಂತು. ಎರಡು ವರ್ಷದ ಹಿಂದೆ ಕರಡಿಯೊಂದು ಊರಿನ ಮನೆಯೊಂದರ ಬಾಗಿಲು ಮುರಿದ ಮರುದಿನ, ಬೆಳಗಿನ ಕತ್ತಲಲ್ಲಿ ಬಿಳಿ ಆಕಾರವೊಂದು ಬಗ್ಗಿ ಬಗ್ಗಿ ಬರುತ್ತಿತ್ತು. ಮೂರು ಚುಕ್ಕಿಯೂ ನೆಟ್ಟಗೆ ಅದರ ಮೇಲೆ ಕೂತವು. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಏಕೋ ಹೋಮರ್ ಮೊದಲು ಟಾರ್ಚ್ ಹಾಕಿದರು. ಬಿಳಿ ಮೇಲಂಗಿಯ ಟಬಿತಾ ಅಜ್ಜಿ, ತಿಮಿಂಗಿಲ ಮಾಂಸದ ಚೀಲ ಎಳೆದುಕೊಂಡು ಬರುತ್ತಿದ್ದರು.

"ಕರಡಿ ಅಂದ್ಕೊಂಡ್ಯೇನೋ ಹೋಮರ್?" ಎಂದರಂತೆ ಅಜ್ಜಿ. "ಕರಡಿ ಆಗಿದ್ರೆ ಈ ಚೀಲ ಇಷ್ಟು ದೂರ ಎಳೀತಿತ್ತಾ? ಅಲ್ಲೇ ತಿಂದು ಮುಗಿಸ್ತಿತ್ತು. ಬಾ, ಹಿಡ್ಕೋ."

ಹೋಮರ್ ಚೀಲ ಹೊತ್ತು ಮನೆ ಮುಟ್ಟಿಸಿದರು. ಅಜ್ಜಿ ಚಹಾ ಕೊಟ್ಟರು.

"ಬಂದೂಕು ಎಲ್ಲಿ ನೋಡ್ತಿದೆ ಅಂತ ಚುಕ್ಕಿ ಹೇಳುತ್ತೆ. ಎದುರಿಗಿರೋದು ಯಾರು ಅಂತ ಹೇಳಲ್ಲ. ಅದನ್ನ ನಾನೇ ನೋಡ್ಬೇಕು," ಎನ್ನುತ್ತಾರೆ ಹೋಮರ್.

ಆ ದಿನ ಪಟಾಕಿಯ ಬದಲು ನಳಿಗೆಯಲ್ಲಿದ್ದ, ಕೊಲ್ಲುವ ಸೀಸದ ಗುಂಡನ್ನು ಹೋಮರ್ ಜೇಬಿನಿಂದ ತೆಗೆದು ತೋರಿಸುತ್ತಾರೆ. ಕೆಲಸಕ್ಕೆ ಸೇರಿದಾಗ ಕೊಟ್ಟದ್ದು. ಕವಚದ ಬಣ್ಣ ಸವೆದಿದೆ, ತಳದ ಹಿತ್ತಾಳೆ ಉಜ್ಜಿ ಉಜ್ಜಿ ಹೊಳೆಯುತ್ತಿದೆ.

"ನಿವೃತ್ತಿಗೆ ನಾಲ್ಕು ವರ್ಷ ಇದೆ. ಇದನ್ನ ಹೀಗೇ ವಾಪಸ್ ಕೊಡ್ಬೇಕು ಅಂತ ಆಸೆ."