ಎರಡನೆಯವಳಿಗೆ ಏನೂ ಇಲ್ಲ

ಫೂಲಾ ಚಿಕ್ಕಮ್ಮ ಮಾಡಿದ ಮೊದಲ ತಪ್ಪೆಂದರೆ ನನ್ನ ಅಮ್ಮನಿಗಿಂತ ಮೂರು ವರ್ಷ ತಡವಾಗಿ ಹುಟ್ಟಿದ್ದು. ನಮ್ಮ ದ್ವೀಪದಲ್ಲಿ ತಾಯಿಯ ಆಸ್ತಿಯೆಲ್ಲ ಮೊದಲ ಹೆಣ್ಣುಮಗಳಿಗೆ. ಮನೆ, ಬಾರ್ಲಿ ಹೊಲ, ಆಲಿವ್ ಮರಗಳು, ಗೋಡೆಯ ಮೇಲಿನ ಚಿತ್ತಾರದ ತಟ್ಟೆಗಳು, ಹಬ್ಬದ ದಿನ ಕೊರಳಿಗೆ ಹಾಕುವ ಚಿನ್ನದ ನಾಣ್ಯಗಳ ಪಟ್ಟಿ, ಕೊನೆಗೆ ಚರ್ಚಿನಲ್ಲಿ ಅಜ್ಜಿ ನಿಲ್ಲುತ್ತಿದ್ದ ಜಾಗ ಕೂಡ. ಎರಡನೆಯವಳಿಗೆ ಸಿಗುವುದು ಒಂದು ಕುಡುಗೋಲು, ಜೊತೆಗೆ ದುಡಿಸಿಕೊಳ್ಳಲು ಒಬ್ಬ ಅಕ್ಕ. ಅವಳಿಗೆ ಮದುವೆ ಮಾಡುವವರೂ ಇಲ್ಲ, ಮಾಡಿಕೊಳ್ಳುವವರೂ ಇಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಬರೆದಿಟ್ಟದ್ದಕ್ಕಿಂತ ಚೆನ್ನಾಗಿ ನಡೆಸಿಕೊಂಡು ಬಂದಿದ್ದಾರೆ.

ನಮ್ಮೂರು ಸ್ತಾವ್ರಿ ಒಂದು ಬೆಟ್ಟದ ಏಣಿನ ಮೇಲಿದೆ. ಗ್ರೀಸಿನ ಬೇರೆ ದ್ವೀಪಗಳ ಊರುಗಳು ನೀರಿಗೆ ಕಾಲು ಚಾಚಿಕೊಂಡು ಕೂತಿದ್ದರೆ ನಮ್ಮದು ಬಂದರಿಗೆ ಬೆನ್ನು ಹಾಕಿ ಕೂತಿದೆ. ಕಡಲುಗಳ್ಳರಿಗೆ ಹೆದರಿ ಮೇಲೆ ಹತ್ತಿದ ಹಿರಿಯರು ಕಳ್ಳರು ಹೋಗಿ ನೂರಾರು ವರ್ಷವಾದರೂ ಕೆಳಗಿಳಿಯಲಿಲ್ಲ. ಬಂದರು ಪೂರ್ವಕ್ಕಿದೆ, ಕತ್ತೆ ದಾರಿಯಲ್ಲಿ ಎರಡು ಗಂಟೆಯ ಇಳಿಜಾರು. ಉತ್ತರಕ್ಕೆ ಎರಡು ಗಂಟೆ ನಡೆದರೆ ಅಲೋನಿ, ನಮ್ಮ ಹೊಲಗಳಿರುವ ಬಯಲು. ಮೇಲೆ ಸ್ತಾವ್ರಿಯಲ್ಲಿ ಪಡುವಣ ಗಾಳಿ ಬಾಗಿಲು ಕಿತ್ತುಕೊಂಡು ಹೋಗುವಂತೆ ಬೀಸುತ್ತಿರುವಾಗ ಕೆಳಗೆ ಬಂದರಿನಲ್ಲಿ ನೀರು ಅಲುಗಾಡದೆ ಬಿದ್ದಿರುವುದುಂಟು. ಹಾಗಾಗಿ ಮೇಲಿದ್ದವರಿಗೆ ಕೆಳಗಿನ ಕಡಲಿನ ಸ್ಥಿತಿ ತಿಳಿಯುವುದಿಲ್ಲ. ಇಲಿಯಾಸ್ ಬೆಟ್ಟದ ತಲೆಯ ಮೇಲೆ ಮೋಡ ಹೇಗೆ ಕೂತಿದೆ ಎಂದು ನೋಡಿ ಅದನ್ನು ಹೇಳಬಲ್ಲವಳು ಊರಿಗೆಲ್ಲ ಒಬ್ಬಳೇ, ಫೂಲಾ. ಬಂದರಿಗೆ ಇಳಿಯಬೇಕಾದವರು ಮೊದಲು ಅವಳನ್ನು ಕೇಳಿಯೇ ಹೊರಡುತ್ತಿದ್ದರು. ನನಗೂ ಕಲಿಸು ಎಂದರೆ "ನಾನಿದ್ದೀನಲ್ಲ" ಎಂದು ನಗುತ್ತಿದ್ದಳು.

ಅವಳನ್ನೂ ಒಬ್ಬ ಕೇಳಿಕೊಂಡು ಬಂದಿದ್ದ. ಆಗ ನಮ್ಮ ದ್ವೀಪ ಇಟಲಿಯವರ ಕೈಯಲ್ಲಿತ್ತು. ಅವರು ಬಂದರಿನಲ್ಲಿ ಪೊಲೀಸ್ ಠಾಣೆ ಕಟ್ಟಿಸುತ್ತಿದ್ದರು. ಅಲ್ಲಿ ಕೆಲಸಕ್ಕೆಂದು ಪಕ್ಕದ ದ್ವೀಪದಿಂದ ಬಂದ ಕಲ್ಲುಕುಟಿಗ ಮಿನಾಸ್, ಚೀಸು ಮಾರಲು ಕೆಳಗಿಳಿಯುತ್ತಿದ್ದ ಚಿಕ್ಕಮ್ಮನನ್ನು ನೋಡಿದ. ಒಂದು ಭಾನುವಾರ ಒಗೆದ ಅಂಗಿ ಹಾಕಿಕೊಂಡು, ಒಂದು ಬುಟ್ಟಿ ಅಂಜೂರ ಹಿಡಿದು ಅಜ್ಜಿಯ ಎದುರು ಬಂದು ನಿಂತ.

"ಹೊಲ ಬೇಡ ತಾಯಿ, ಮನೆ ಬೇಡ. ಕಲ್ಲು ಕಟ್ಟೋನು ನಾನು, ಮನೆ ಕಟ್ಕೋತೀನಿ. ಹುಡುಗೀನ ಕೊಡಿ, ಸಾಕು."

"ಕೊಡೋಕೆ ನಾನ್ಯಾರಪ್ಪ?" ಎಂದಳು ಅಜ್ಜಿ. "ಸೋಫಿಲ್ಲಾನ ಕೇಳು. ಅವಳ ಹೊಲದಲ್ಲಿ ದುಡಿಯೋಳು ಅವಳು."

ಸೋಫಿಲ್ಲಾ ಎಂದರೆ ನನ್ನ ಅಮ್ಮ. ಆಗ ಅವಳ ಹೊಟ್ಟೆಯಲ್ಲಿ ನನ್ನ ಅಕ್ಕ ಕಲಿತ್ಸಾ. ಅಮ್ಮ ಕೆಟ್ಟವಳೇನಲ್ಲ, ಬೇಡ ಎಂದವಳೂ ಅಲ್ಲ. "ನಾನೇನು ತಡೀತೀನಾ? ಹೆರಿಗೆ ಆಗ್ಲಿ, ಎದ್ದು ಓಡಾಡೋ ಹಾಗಾಗ್ಲಿ" ಎಂದಳು. ಹೆರಿಗೆಯಾಯಿತು. ಆಮೇಲೆ ಬಾರ್ಲಿ ಕೊಯ್ಲು ಬಂತು. ಆಮೇಲೆ ಆಲಿವ್ ಕೊಯ್ಲು ಬಂತು, ಮಗುವಿಗೆ ಜ್ವರ ಬಂತು, ಮತ್ತೆ ಬಾರ್ಲಿ ಬಂತು. ಮಿನಾಸ್ ಎರಡು ವರ್ಷ ಕಾದ. ಠಾಣೆ ಮುಗಿದ ವಾರ ಮೇಲೆ ಹತ್ತಿ ಬಂದು ಕೇಳಿದಾಗ ಅಮ್ಮ ಅಂಗಳದಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಈ ಸಲವೂ ತಂದಿದ್ದ ಅಂಜೂರದ ಬುಟ್ಟಿಯನ್ನು ಅಲ್ಲೇ ಇಟ್ಟು ಅವನು ಹೊರಟುಹೋದ. ಆಗ ಅಮ್ಮನ ಹೊಟ್ಟೆಯಲ್ಲಿದ್ದವಳು ನಾನು, ಎರಡನೆಯ ಮಗಳು, ಮಗ್ದಲಿನಿ.

ಚಿಕ್ಕಮ್ಮ ಅದಕ್ಕೆ ನನ್ನ ಮೇಲೆ ಮುನಿಸಿಕೊಳ್ಳಬಹುದಿತ್ತು. ಬದಲಿಗೆ ನನ್ನನ್ನು ಸಾಕಿದಳು. ಕಲಿತ್ಸಾ ಅಮ್ಮನ ಜೊತೆ ಮರದ ಅಟ್ಟಣೆಯ ಮೇಲೆ ಮಲಗಿದರೆ ನಾನು ಕೆಳಗೆ ಒಲೆಯ ಪಕ್ಕ ಚಿಕ್ಕಮ್ಮನ ಕಂಕುಳಲ್ಲಿ. ಕಲಿತ್ಸಾಗೆ ಕಸೂತಿ, ನನಗೆ ಆರನೇ ವಯಸ್ಸಿಗೆ ಕುಡುಗೋಲು. ಮೇಕೆಯ ಹಾಲಿನ ಮೊದಲ ಬಟ್ಟಲನ್ನು ಯಾರೂ ನೋಡದಾಗ ನನ್ನ ಬಾಯಿಗಿಡುತ್ತಿದ್ದಳು. ಊರ ಒಲೆಯ ಹತ್ತಿರ ರೊಟ್ಟಿ ಸುಡುವ ಹೆಂಗಸರು, ಅವಳ ಹಿಂದೆ ಹಿಂದೆಯೇ ಓಡಾಡುವ ನನ್ನನ್ನು ಕಂಡು "ಫೂಲಾಗೆ ಬಾಲ ಬಂತು ನೋಡ್ರೇ!" ಎಂದು ಆಡಿಕೊಳ್ಳುತ್ತಿದ್ದರು.

"ಬಾಲ ಇದ್ರೆ ನೊಣ ಆದ್ರೂ ಓಡಿಸ್ಕೋಬಹುದು ಕಣ್ರೇ. ನಿಮಗೇನಿದೆ, ಗಂಡ?" ಎನ್ನುತ್ತಿದ್ದಳು ಅವಳು. ಅವಳ ಬಾಯಿಗೆ ಯಾರೂ ಎದುರು ನಿಲ್ಲುತ್ತಿರಲಿಲ್ಲ.

ನನಗೆ ಇಪ್ಪತ್ತಾದಾಗ, ಆಗಸ್ಟ್ ತಿಂಗಳ ದೇವಮಾತೆಯ ಹಬ್ಬಕ್ಕೆ ಫಿಲಿಪ್ಪಾಸ್ ಬಂದ. ನಮ್ಮೂರಿನವನೇ, ದೂರದ ಪಿರೇಯಸ್ ಬಂದರು ಪಟ್ಟಣದಲ್ಲಿ ದೋಣಿ ಕಟ್ಟುವ ಬಡಗಿ. ಊರೆಲ್ಲ ಕಲಿತ್ಸಾಳ ಕೊರಳಿನ ಚಿನ್ನ ನೋಡುತ್ತಿದ್ದಾಗ ಅವನು ಹಂಡೆ ಹೊರುತ್ತಿದ್ದ ನನ್ನನ್ನು ನೋಡಿದ. ಎರಡು ಮಾತಾಡಿದ, ನಾನು ನಾಲ್ಕು ಆಡಿದೆ. ಮನೆಯಲ್ಲಿ ಕೇಳಿದರೆ ಏನಾಗುತ್ತದೆ ಎಂದು ಮಿನಾಸನ ಕಥೆ ಕೇಳಿ ಬೆಳೆದ ನನಗೆ ಗೊತ್ತಿತ್ತು. ಹಾಗಾಗಿ ಕೇಳುವುದು ಬೇಡ, ಹೋಗಿಬಿಡುವುದು ಎಂದು ನಿರ್ಧಾರವಾಯಿತು.

ಅವನ ಕಾಗದಗಳು ಬಂದರಿನ ಕಾಫಿ ಅಂಗಡಿಗೆ ಬರುತ್ತಿದ್ದವು. ತಂದುಕೊಡುತ್ತಿದ್ದವಳು ಚಿಕ್ಕಮ್ಮ, ತನ್ನ ಮೇಕೆ ಚರ್ಮದ ಬೂಟಿನೊಳಗೆ ಮಡಚಿಟ್ಟುಕೊಂಡು. ಅವಳಿಗೆ ಓದು ಬರುತ್ತಿರಲಿಲ್ಲ. ಅಲೋನಿಯ ಗುಡಿಸಿಲಿನಲ್ಲಿ ಕೂತು ನಾನು ಗಟ್ಟಿಯಾಗಿ ಓದಬೇಕು, ಅವಳು ಕಾಲು ಚಾಚಿಕೊಂಡು ಕೇಳಬೇಕು. ಪಿರೇಯಸ್ಸಿನಲ್ಲಿ ತಾನು ಹಿಡಿದಿರುವ ಕೋಣೆಗೆ ಬೀದಿಯ ಕಡೆ ಒಂದು ಕಿಟಕಿಯಿದೆ, ಕೆಳಗೆ ಮೀನಿನವಳು ಕೂಗುತ್ತಾಳೆ, ಅಲ್ಲಿ ಕೂತು ನೀನು ಬೀನ್ಸು ಬಿಡಿಸಬಹುದು ಎಂದು ಅವನು ಬರೆದಿದ್ದ. "ಆ ಕಿಟಕಿ ಮಾತು ಇನ್ನೊಂದ್ಸಲ ಓದೇ" ಎನ್ನುತ್ತಿದ್ದಳು. ಓದಿದಾಗ ಕಣ್ಣೊರೆಸಿಕೊಳ್ಳುತ್ತಿದ್ದಳು.

ಜೂನ್ ತಿಂಗಳ ಮೊದಲ ಶುಕ್ರವಾರ ಎಂದು ಬರೆದ. ರೋಡ್ಸ್ ದ್ವೀಪದಿಂದ ಪಿರೇಯಸ್ಸಿಗೆ ಹೋಗುವ ಹಡಗಿನಲ್ಲಿ ಅವನಿರುತ್ತಾನೆ. ನಮ್ಮ ಬಂದರಿಗೆ ಕಟ್ಟೆಯಿಲ್ಲ. ಕಡಲು ಸುಮ್ಮನಿದ್ದರೆ ಹಡಗು ದೂರದಲ್ಲಿ ನಿಂತು ಒಮ್ಮೆ ಕೂಗುತ್ತದೆ, ದೋಣಿಯಲ್ಲಿ ಹೋಗಿ ಹತ್ತಬೇಕು. ಅಲೆ ಎದ್ದಿದ್ದರೆ ನಿಲ್ಲದೆ ಹೋಗುತ್ತದೆ. "ನಿಲ್ಲದೆ ಹೋದರೆ ಅದು ಕಡಲಿನ ತಪ್ಪು, ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಹಡಗು ನಿಂತೂ ದೋಣಿಯಲ್ಲಿ ನೀನಿಲ್ಲದಿದ್ದರೆ ನಿನಗೆ ಮನಸ್ಸಿಲ್ಲವೆಂದು ತಿಳಿಯುತ್ತೇನೆ. ಮತ್ತೆ ತೊಂದರೆ ಕೊಡುವುದಿಲ್ಲ" ಎಂದು ಬರೆದಿದ್ದ. ಆ ಕಾಗದವನ್ನೂ ಚಿಕ್ಕಮ್ಮನಿಗೆ ಓದಿ ಹೇಳಿದ್ದೆ.

ಆ ಶುಕ್ರವಾರ ಬೆಳಕು ಹರಿಯುವಾಗ ಸ್ತಾವ್ರಿಯಲ್ಲಿ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ನನ್ನ ಗಂಟು ಹಿಟ್ಟಿನ ಪೆಟ್ಟಿಗೆಯ ಹಿಂದೆ ತಯಾರಾಗಿತ್ತು. ಚಿಕ್ಕಮ್ಮ ಅಂಗಳಕ್ಕೆ ಹೋಗಿ ಇಲಿಯಾಸ್ ಬೆಟ್ಟವನ್ನು ತುಂಬ ಹೊತ್ತು ನೋಡಿದಳು.

"ನಿಲ್ಲತ್ತಾ ಚಿಕ್ಕಮ್ಮ?"

"ಇಲ್ಲ ಮಗು. ಕೆಳಗೂ ಅಲೆ ಎದ್ದಿದೆ. ಇವತ್ತು ನಿಲ್ಲಲ್ಲ."

"ಖಂಡಿತಾನಾ? ಇಳಿದು ನೋಡ್ಕೊಂಡು ಬರ್ಲಾ?"

"ಇಳಿದು, ಬಂದರಲ್ಲಿ ಎಲ್ಲರ ಕಣ್ಣಿಗೂ ಬಿದ್ದು, ಖಾಲಿ ಕೈಲಿ ಹತ್ತಿ ಬರ್ತೀಯಾ? ಸಂಜೆಗೆ ನಿಮ್ಮಮ್ಮನ ಕಿವಿಗೆ ಬೀಳತ್ತೆ. ಯಾವತ್ತಾದ್ರೂ ನಾನು ತಪ್ಪು ಹೇಳಿದೀನೇನೇ?"

ಹೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಗಂಟನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಕುಡುಗೋಲು ತೆಗೆದುಕೊಂಡು ಅವಳ ಹಿಂದೆ ಅಲೋನಿಗೆ ನಡೆದೆ.

ಬಿಸಿಲೇರಿದ ಹೊತ್ತಿಗೆ ಹಡಗಿನ ಕೂಗು ಕೇಳಿತು. ಹೊಲದ ಮೇಲಿನ ದಿಣ್ಣೆಯಿಂದ ಪೂರ್ವದ ಕಡಲು ಸ್ವಲ್ಪ ಕಾಣುತ್ತದೆ. ಓಡಿ ಹತ್ತಿದೆ. ನೀರು ತಟ್ಟೆಯಲ್ಲಿಟ್ಟ ಹಾಗೆ ಸುಮ್ಮನೆ ಬಿದ್ದಿತ್ತು. ಅದರ ಮೇಲೆ ಹಡಗು ನಿಂತಿತ್ತು, ಒಂದು ದೋಣಿ ಅದರ ಕಡೆಗೆ ಹೋಗುತ್ತಿತ್ತು. ತಿರುಗಿ ಚಿಕ್ಕಮ್ಮನನ್ನು ನೋಡಿದೆ. ಅವಳು ಬೆನ್ನೆತ್ತಲಿಲ್ಲ. ಹಿಡಿ ಹಿಡಿಯಾಗಿ ಬಾರ್ಲಿ ಕೊಯ್ಯುತ್ತಲೇ ಇದ್ದಳು. ಅಲ್ಲಿಂದ ಬಂದರಿಗೆ ನಾಲ್ಕು ಗಂಟೆಯ ದಾರಿ ಎಂದು ಗೊತ್ತಿದ್ದೂ ನಾನು ಓಡಿದೆ. ಮೊದಲ ಏರು ಮುಗಿಯುವ ಮೊದಲೇ ಹಡಗು ಎರಡು ಸಲ ಕೂಗಿ ಹೊರಟಿತು. ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿ ಅದು ಮರೆಯಾಗುವವರೆಗೂ ನೋಡಿದೆ. ಆಮೇಲೆ ವಾಪಸ್ಸು ಬಂದೆ, ಇನ್ನೆಲ್ಲಿಗೆ ಹೋಗಲಿ?

"ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು."

ಅವಳು ಸಿವುಡಿನ ಮೇಲೆ ಕೂತು ಮೊಣಕಾಲು ಉಜ್ಜಿಕೊಂಡಳು. ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನೀನು ಹೋದ್ರೆ ಇದನ್ನೆಲ್ಲ ಕೊಯ್ಯೋರು ಯಾರೇ? ನನಗೆ ನಲವತ್ತೇಳು. ಮಂಡಿ ಹೋಗಿದೆ. ನಾಳೆ ನಿಮ್ಮಮ್ಮ ಸತ್ತ ಮೇಲೆ ಕಲಿತ್ಸಾಗೆ ದುಡಿಯೋಕೆ ನಾನೊಬ್ಬಳೇ. ಎಷ್ಟು ಯೋಚ್ನೆ ಮಾಡಿದ್ರೂ ಒಬ್ಬಳ ಕೈಲಿ ಆಗಲ್ಲ ಮಗು, ಆಗಲ್ಲ."

"ಮತ್ತೆ ಕಾಗದ ಯಾಕೆ ತಂದ್ಕೊಡ್ತಿದ್ದೆ?"

"ನೀನು ಓದ್ತಿದ್ಯಲ್ಲ, ಕೇಳೋಕೆ ಚೆನ್ನಾಗಿರ್ತಿತ್ತು."

ಆಮೇಲೆ ಬುತ್ತಿ ಬಿಚ್ಚಿ ಈರುಳ್ಳಿ ಗುದ್ದಿದಳು. "ಬಾ, ತಿನ್ನು. ಸಂಜೆ ಒಳಗೆ ಈ ಪಟ್ಟಿ ಮುಗೀಬೇಕು." ನಾನು ತಿಂದೆ. ಇಷ್ಟು ವರ್ಷವಾದರೂ ಆ ಒಂದು ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ, ಅವಳ ಕೈಯಿಂದ ರೊಟ್ಟಿ ಇಸಿದುಕೊಂಡು ತಿಂದೆ.

ಫಿಲಿಪ್ಪಾಸನಿಗೆ ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ಮುಂದಿನ ಈಸ್ಟರ್ ಹೊತ್ತಿಗೆ ಅವನಿಗೆ ಮದುವೆಯಾಯಿತು ಎಂದು ಬಂದರಿನ ಅಂಗಡಿಯವನು ಹೇಳಿದ. ಅಂದಿನಿಂದ ಹದಿನಾಲ್ಕು ವರ್ಷ ನಾನೂ ಚಿಕ್ಕಮ್ಮನೂ ಒಂದೇ ಸಾಲಿನಲ್ಲಿ ಕೊಯ್ದೆವು, ಒಂದೇ ಚಾಪೆಯಲ್ಲಿ ಮಲಗಿದೆವು. ಕೆಲಸದ ಮಾತು ಬಿಟ್ಟು ಬೇರೆ ಮಾತು ನಾನು ಆಡಲಿಲ್ಲ. ನಾನೂ ಒಳ್ಳೆಯವಳೇನಲ್ಲ. ಅವಳ ಮಂಡಿ ಪೂರ್ತಿ ಸೋತ ಮೇಲೆ ನೀರು ಕೇಳಿದರೆ ಬೇಕೆಂದೇ ಮೇಕೆಗಳಿಗೆ ಕುಡಿಸಿ ಬಂದು ಕೊಡುತ್ತಿದ್ದೆ. ಅಮ್ಮ ಸತ್ತಳು, ಕಲಿತ್ಸಾ ಮನೆಯ ಯಜಮಾನಿಯಾದಳು. ಚಿಕ್ಕಮ್ಮ ಹೆದರಿದ್ದ ಹಾಗೆಯೇ ಎಲ್ಲ ಆಯಿತು, ಅವಳ ಜೊತೆಗೆ ನಾನಿದ್ದೆ ಅನ್ನುವುದೊಂದು ಬಿಟ್ಟು.

ಅರವತ್ತೊಂದನೆಯ ವಯಸ್ಸಿಗೆ ಅವಳು ಹಾಸಿಗೆ ಹಿಡಿದಳು. ಅದೂ ಜೂನ್ ತಿಂಗಳು. ಪಾದ್ರಿ ಬಂದು ಕೊನೆಯ ಪ್ರಸಾದ ಕೊಟ್ಟರೂ ಜೀವ ಹೋಗಲಿಲ್ಲ. ಉಸಿರು ಗಂಟಲಲ್ಲಿ ಗರಗರ ಎನ್ನುತ್ತಾ ಒಂದು ದಿನ, ಎರಡು ದಿನ, ಮೂರು ದಿನ. ನಮ್ಮಲ್ಲಿ ಇದಕ್ಕೆ ಒಂದೇ ಅರ್ಥ: ಅನ್ಯಾಯವಾದವರು ಯಾರೋ ಇನ್ನೂ ಕ್ಷಮಿಸಿಲ್ಲ. ಅವರು ಬಂದು ವಿನೆಗರ್ ಬೆರೆಸಿದ ನೀರನ್ನು ಒಂದು ಚಮಚ ಬಾಯಿಗೆ ಬಿಟ್ಟು "ಕ್ಷಮಿಸಿದ್ದೀನಿ, ಹೋಗು" ಎನ್ನಬೇಕು. ಊರಿನ ಹೆಂಗಸರು ಸಾಲಾಗಿ ಬಂದು ಹೇಳಿದರು, ಅವಳಿಂದ ಬೈಸಿಕೊಂಡವರೂ ಬೈಸಿಕೊಳ್ಳದವರೂ. ಹೇಳಿ ಎಲ್ಲರೂ ನನ್ನ ಮುಖ ನೋಡಿದರು. ಹಡಗಿನ ಸಂಗತಿ ಊರಿಗೆಲ್ಲ ಎಂದೋ ತಿಳಿದಿತ್ತು. ನಾನು ಚಮಚ ಮುಟ್ಟಲಿಲ್ಲ.

"ಕಲ್ಲು ಕಣಮ್ಮ ಇವಳು" ಎಂದು ಒಬ್ಬಳು ನನಗೆ ಕೇಳಿಸುವಂತೆಯೇ ಹೇಳಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ. ಚಿಕ್ಕಮ್ಮ ಕಣ್ಣು ತೆರೆದು ನನ್ನ ಕೈ ಹಿಡಿದಳು.

"ಹೇಳ್ಬೇಡ ಕಣೇ."

"ಏನು?"

"ಅವರು ಹೇಳು ಅಂದ್ರು ಅಂತ ಹೇಳ್ಬೇಡ. ನಿಮ್ಮಮ್ಮ ಸಾಯೋವಾಗ ಹೇಳು ಅಂದ್ರು, ನಾನು ಬಾಯಲ್ಲಿ ಹೇಳ್ದೆ. ಒಳಗೆ ಹೇಳಿಲ್ಲ. ಈ ಮನೇಲಿ ನನ್ನ ಸ್ವಂತದ್ದು ಅಂತ ಇದ್ದಿದ್ದು ಅದೊಂದೇ. ನಿನ್ನದು ನಿನ್ನ ಹತ್ರಾನೇ ಇರ್ಲಿ. ಕೊಡ್ಬೇಕು ಅನ್ಸಿದಾಗ ನೀನೇ ಕೊಡು."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂತೆ. ಕುಡುಗೋಲು ಹಿಡಿದು ಹಿಡಿದು ಅವಳ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ, ನನ್ನವೂ ಅಷ್ಟೇ. ನನ್ನೊಳಗೆ ಏನೋ ಸಡಿಲವಾಗುತ್ತಿತ್ತು. ನನ್ನ ಪಾಡಿಗೆ ಬಿಟ್ಟಿದ್ದರೆ ನಾನಾಗಿಯೇ ಹೇಳುತ್ತಿದ್ದೆನೇನೋ. ಅಂದು ಹೇಳಲಿಲ್ಲ. ಮಾರನೆಯ ದಿನವೂ ನಾಲಿಗೆಯ ತುದಿಗೆ ಬಂದದ್ದನ್ನು ತಡೆದುಕೊಂಡೆ, ಮನೆ ತುಂಬ ಜನ ಇದ್ದರು ಎಂದು.

ಆರನೆಯ ದಿನ ಬೆಳಿಗ್ಗೆ ಕಲಿತ್ಸಾ ಅಟ್ಟಣೆಯಿಂದ ಇಳಿದು ಬಂದಳು. ಪಾದ್ರಿಯೂ ಹತ್ತಾರು ಹೆಂಗಸರೂ ಕೂತಿದ್ದರು. ಅವಳು ಸೊಂಟಕ್ಕೆ ಕೈ ಕೊಟ್ಟು ನನ್ನ ಎದುರು ನಿಂತಳು.

"ಕಣದಲ್ಲಿ ಬಾರ್ಲಿ ತುಳಿಸಿಟ್ಟು ಆರು ದಿನ ಆಯ್ತು. ತೂರೋರು ಯಾರು? ನೀನು ಇಲ್ಲಿ ಕಲ್ಲಿನ ಹಾಗೆ ಕೂತಿರು, ಅಲ್ಲಿ ಇಲಿ ತಿಂದ್ಕೊಂಡು ಹೋಗ್ಲಿ! ಎದ್ದೇಳೇ. ಅದೊಂದು ಮಾತು ಹೇಳಿ ಮುಗಿಸು, ಹೋಗು ಕಣಕ್ಕೆ."

ಅಕ್ಕ ಕರೆದರೆ ಏಳುವುದು ನನ್ನ ಕಾಲುಗಳಿಗೆ ಹುಟ್ಟಿದಾಗಿನಿಂದ ರೂಢಿ. ನಾನು ಬೇಡವೆನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವು ಎದ್ದು ನಿಂತಿದ್ದವು. ಯಾರೋ ಚಮಚ ಕೈಗಿಟ್ಟರು. ಬಗ್ಗಿ ಅವಳ ಬಾಯಿಗೆ ನೀರು ಬಿಟ್ಟು ಹೇಳಿದೆ:

"ಕ್ಷಮಿಸಿದ್ದೀನಿ ಚಿಕ್ಕಮ್ಮ, ಹೋಗು."

ಅವಳು ಕಣ್ಣು ತೆರೆದಳು. ಮೊದಲು ನನ್ನನ್ನು, ಆಮೇಲೆ ನನ್ನ ಹಿಂದೆ ನಿಂತಿದ್ದ ಕಲಿತ್ಸಾಳನ್ನು ನೋಡಿದಳು. ನೀರು ತುಟಿಯ ಅಂಚಿನಿಂದ ಹೊರಗೆ ಹರಿಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹೆಂಗಸರೆಲ್ಲ ಶಿಲುಬೆಯ ಗುರುತು ಮಾಡಿಕೊಂಡು "ಆಯ್ತು, ಇನ್ನು ಸುಖವಾಗಿ ಹೋಗ್ತಾಳೆ" ಎಂದರು. ಮಧ್ಯಾಹ್ನದೊಳಗೆ ಉಸಿರು ನಿಂತಿತು.

ಸಂಜೆ ಮಣ್ಣು ಮಾಡಿದೆವು. ಮಾರನೆಯ ದಿನ ನಾನು ಒಬ್ಬಳೇ ಕಣದಲ್ಲಿ ಬಾರ್ಲಿ ತೂರಿದೆ. ಈಗ ನನಗೆ ಚಿಕ್ಕಮ್ಮನಿಗಿಂತ ಹೆಚ್ಚು ವಯಸ್ಸು. ಅವಳನ್ನು ನಾನು ಕ್ಷಮಿಸುತ್ತಿದ್ದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಕೊಡುವುದಕ್ಕೆ ನನ್ನ ಹತ್ತಿರ ಅದೊಂದೇ ಇತ್ತು, ಅದನ್ನೂ ಅಕ್ಕನೇ ಕೊಟ್ಟುಬಿಟ್ಟಳು.