ಕಣ್ಣು ಮುಚ್ಚಿ ಬಾಗಿಲು ತಳ್ಳುವವರು

ಬೆಳಗಿನ ಎಂಟು ಗಂಟೆ. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿ. ಕೊನೆಯ ಮಂಚದ ಪಕ್ಕ ಖಾಕಿ ತೊಟ್ಟವರೊಬ್ಬರು ಕಣ್ಣು ಮುಚ್ಚಿ ನಿಂತಿದ್ದಾರೆ. ಎಡಗೈ ಗೋಡೆಗೆ ತಾಗಿದೆ. ಹೆಜ್ಜೆ ಎಣಿಸುತ್ತ, ಮೆಲ್ಲನೆ ಹಿಂಬಾಗಿಲತ್ತ ನಡೆಯುತ್ತಾರೆ.

"ಕಣ್ಣು ಬಿಟ್ಕೊಂಡೇ ನಡೀಬಹುದು ಸಾರ್, ನಮ್ಮಲ್ಲಿ ಕರೆಂಟಿದೆ," ಎನ್ನುತ್ತಾಳೆ ದಾದಿ.

"ಹೊಗೆ ತುಂಬಿದ ಮೇಲೆ ಕರೆಂಟಿದ್ರೂ ಒಂದೇ, ಇಲ್ದಿದ್ರೂ ಒಂದೇ ಸಿಸ್ಟರ್."

ಇಪ್ಪತ್ತೇಳನೇ ಹೆಜ್ಜೆಗೆ ಭುಜ ಕೊಟ್ಟು ತಳ್ಳುತ್ತಾರೆ. ಬಾಗಿಲು ತೆರೆದು ತಣ್ಣನೆ ಗಾಳಿ ಒಳಬರುತ್ತದೆ. ಅಷ್ಟರಲ್ಲಿ ಜೇಬಿನ ಫೋನು ಎರಡು ಸಲ ರಿಂಗಾಗಿ ಸುಮ್ಮನಾಗುತ್ತದೆ. ಅವರು ಅದನ್ನು ತೆಗೆಯುವುದಿಲ್ಲ. ಆದರೆ ಮುಖ ಹಗುರಾಗುತ್ತದೆ.

ಅಗ್ನಿಶಾಮಕ ಠಾಣೆಯಲ್ಲಿ ಇವರಿಗೆ ಬಾಗಿಲಪ್ಪ ಎಂದೇ ಹೆಸರು. ಹದಿನಾಲ್ಕು ವರ್ಷ ನೀರಿನ ಪೈಪು ಹಿಡಿದು ಬೆಂಕಿಗೆ ಎದುರು ನಿಂತವರು. ಸುಟ್ಟ ಮೆಟ್ಟಿಲು ಕುಸಿದು ಮಂಡಿ ಮುರಿದ ಮೇಲೆ, ಬೆಂಕಿ ಬೀಳದಂತೆ ನೋಡಿಕೊಳ್ಳುವ ತಪಾಸಣೆಗೆ ಬಂದರು. ದಿನಕ್ಕೆ ಆರೇಳು ಕಟ್ಟಡ, ಮೂವತ್ತಕ್ಕೂ ಹೆಚ್ಚು ಬಾಗಿಲು. ಜೊತೆಗೆ ವೈರು, ಮೆಟ್ಟಿಲು, ಬೆಂಕಿ ನಂದಿಸುವ ಸಿಲಿಂಡರು. "ಮನೆಗೆ ಬಂದ್ರೂ ಬಚ್ಚಲ ಬಾಗಿಲು ತಳ್ಳಿ ನೋಡ್ತಾರೆ. ನಾನು ಒಳಗಿದ್ರೂ," ಎಂದು ಹೆಂಡತಿ ನಗುತ್ತಾರೆ.

ನಂದಿಸಿದ ಬೆಂಕಿಯನ್ನು ಊರೆಲ್ಲ ನೋಡುತ್ತದೆ. ಹೊತ್ತಿಕೊಳ್ಳದ ಬೆಂಕಿಯನ್ನು ಕಾಣುವವನು ದೇವರೊಬ್ಬನೇ. ಆ ಸಮಾಧಾನದಲ್ಲೇ ಇದ್ದ ಬಾಗಿಲಪ್ಪನವರಿಗೆ ಕಳೆದ ವರ್ಷ ಒಂದು ಬೆಳಗ್ಗೆ ಎದೆ ಒಡೆಯುವಂಥದ್ದೊಂದು ಎದುರಾಯಿತು.

ತಾಯಿ ತೀರಿದ ಮೇಲೆ ಅವರನ್ನು ಸಾಕಿದವಳು ಅಕ್ಕ. ಆಕೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಆ ದಿನ ತಮ್ಮನ ಮನೆಯಲ್ಲಿ ಕನ್ನಡಕ ಮರೆತುಹೋಗಿದ್ದಳು. ಕೊಟ್ಟುಬರಲು ತಮ್ಮ ಹೋದರು. ಅರವತ್ತಮೂರು ಹೆಂಗಸರು ಆಗಲೇ ಮಿಷಿನ್ನಿಗೆ ಕೂತಿದ್ದರು. ಬಾಗಿಲಪ್ಪ ಅಭ್ಯಾಸದಂತೆ ಹಿಂಬಾಗಿಲ ಕಡೆ ನೋಡಿದರು. ಎದೆಮಟ್ಟ ಬಟ್ಟೆಯ ಮೂಟೆ. ಅದರ ಹಿಂದೆ, ಬಾಗಿಲಿಗೆ ಜಡಿದ ಮುಷ್ಟಿ ಗಾತ್ರದ ಬೀಗ. ಬೀಗದ ಮೇಲೆ ಬಾಗಿಲಿಗೆ ಅಂಟಿಸಿದ ಕಾಗದ: "ಹಿಂಬಾಗಿಲು ಸರಿಯಿದೆ." ಕೆಳಗಿದ್ದದ್ದು ಅವರದೇ ಸಹಿ.

ಬಾಗಿಲಪ್ಪ ಹೇಳುತ್ತಾರೆ: "ಎರಡು ತಿಂಗಳ ಹಿಂದೆ ಇದೇ ಬಾಗಿಲನ್ನ ನಾನೇ ತಳ್ಳಿದ್ದೆ. ತೆರೆದಿತ್ತು."

ಅಕ್ಕ ಹೆಮ್ಮೆಯಿಂದಲೇ ಹೇಳಿದಳಂತೆ: "ಆವತ್ತು ಬೀಗ ತೆಗೆಸಿದ್ದು ನಾನೇ ಕಣೋ. ತಪಾಸಣೆ ಯಾವ ದಿನ ಅಂತ ನೀನೇ ಊಟಕ್ಕೆ ಬಂದಾಗ ಹೇಳಿದ್ಯಲ್ಲ. ತಮ್ಮ ಬರ್ತಾನೆ, ಅವನೆದುರು ನಮ್ಮ ಮಾನ ಹೋಗ್ಬಾರ್ದು ಅಂತ ಮೂಟೆ ಎಲ್ಲಾ ಸರಿಸಿದ್ವಿ."

ಬೀಗದ ಕೈ ಕೇಳಿದರೆ, ಅದು ಧಣಿಯ ಹತ್ತಿರವಿದೆ, ಅವರು ಬರುವುದು ಹತ್ತಕ್ಕೆ ಎಂದ ಮೇಸ್ತ್ರಿ. ಬಾಗಿಲಪ್ಪ ಮಿಷಿನ್ನುಗಳನ್ನು ನಿಲ್ಲಿಸಿ ಅರವತ್ತಮೂರು ಜನರನ್ನೂ ಕೆಳಗಿಳಿಸಿದರು. ಬೀದಿಯಲ್ಲಿ ನಿಂತ ಅಕ್ಕ ಕೇಳಿದಳು: "ಸರಿಯಿದೆ ಅಂತ ಬರೆದವನೂ ನೀನೇ, ಹೊರಗೆ ಹಾಕಿದವನೂ ನೀನೇ. ನಾಳೆ ನಮ್ಮ ಕೆಲಸ ಹೋದ್ರೆ ಯಾರಪ್ಪಾ ಕೊಡ್ತಾರೆ?"

ಅಂದೇ ಮೇಲಧಿಕಾರಿಗೆ, ತಪಾಸಣೆಯ ದಿನ ಮೊದಲೇ ಹೇಳಿದ ತಮ್ಮ ತಪ್ಪನ್ನು ತಾವೇ ಬರೆದುಕೊಟ್ಟರು. ಶಿಸ್ತುಕ್ರಮದ ನೋಟಿಸು ಬಂತು. ಮುಂಚಿತವಾಗಿ ದಿನ ತಿಳಿಸಿ ಹೋಗುವ ಪದ್ಧತಿಯೂ ಅದರೊಂದಿಗೆ ನಿಂತಿತು. ಹಾಗೆ ತಿಳಿಸಿ ಹೋಗಿ ಸರಿಯಿದೆ ಎಂದಿದ್ದ ಮೂವತ್ತೆಂಟು ಕಟ್ಟಡಗಳಿಗೆ ಅವರು ಮತ್ತೆ, ಹೇಳದೆ ಹೋದರು. ಒಂಬತ್ತರಲ್ಲಿ ಬೀಗವಿತ್ತು. ಅದರಲ್ಲೊಂದು ಮಕ್ಕಳ ಶಾಲೆ.

ಕಾರ್ಖಾನೆ ಹನ್ನೊಂದು ದಿನ ಮುಚ್ಚಿತ್ತು. ಅಕ್ಕ ಹನ್ನೊಂದು ದಿನವೂ ಮಾತಾಡಲಿಲ್ಲ. ಬೀಗದ ಕೊಂಡಿ ಕತ್ತರಿಸಿ, ಒಳಗಿನಿಂದ ತಳ್ಳಿದರೆ ತೆರೆಯುವ ಅಡ್ಡಪಟ್ಟಿ ಹಾಕಿದ ಮೇಲೆ ಎಲ್ಲರಿಗೂ ಕೆಲಸ ಮರಳಿತು. ಹನ್ನೆರಡನೇ ದಿನ ಬೆಳಗ್ಗೆ ತಮ್ಮನ ಫೋನು ಎರಡು ಸಲ ರಿಂಗಾಗಿ ನಿಂತಿತು. ಅಕ್ಕ ತನ್ನ ಮಿಷಿನ್ನಿನಿಂದ ಕಣ್ಣು ಮುಚ್ಚಿ ಹತ್ತೊಂಬತ್ತು ಹೆಜ್ಜೆ ನಡೆದು ಬಾಗಿಲು ತಳ್ಳಿದ್ದಳು; ತೆರೆಯಿತು ಎಂಬ ಸುದ್ದಿ ಆ ರಿಂಗು. ಅಂದಿನಿಂದ ಕೆಲಸವಿದ್ದ ದಿನವೆಲ್ಲ ಆ ಎರಡು ರಿಂಗು ಬರುತ್ತದೆ. ಅದು ಬರುವವರೆಗೆ ಬಾಗಿಲಪ್ಪ ಚಹಾ ಮುಟ್ಟುವುದಿಲ್ಲ.

ಎಂದಾದರೂ ತಪ್ಪಿದೆಯೇ ಎಂದರೆ ನಾಚಿ ನಗುತ್ತಾರೆ.

"ಒಂದಿನ ಬರ್ಲಿಲ್ಲ. ಈ ಮಂಡಿ ಇಟ್ಕೊಂಡೇ ಓಡಿದೆ. ಅಕ್ಕ ಫೋನು ಮನೇಲಿ ಬಿಟ್ಟಿದ್ಲು, ಅಷ್ಟೇ. ಬಾಗಿಲು ತಳ್ಳಾಯ್ತು, ಹೋಗೋ ಅಂತ ಬೈದ್ಲು." ಮಂಡಿ ಉಜ್ಜಿಕೊಳ್ಳುತ್ತ ಹೇಳುತ್ತಾರೆ: "ಆದ್ರೂ ನಾನೊಂದ್ಸಲ ತಳ್ಳಿ ನೋಡೇ ಬಂದೆ."