ಭಾವ ಬರೆಯದ ಚೀಟಿ

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆದವನು ನಾನು. ಬರೆದದ್ದನ್ನು ಅದು ಮಾಡುತ್ತದೆ, ಬರೆಯದೇ ಇದ್ದದ್ದನ್ನು ಮಾಡುವುದಿಲ್ಲ ಎಂಬುದೊಂದೇ ನನ್ನ ನಂಬಿಕೆಯಾಗಿತ್ತು. ಈಗ ಆ ಮಾತು ಹೇಳಲು ಧೈರ್ಯ ಸಾಲದು.

ನಾನೂ ಅಕ್ಕನ ಗಂಡನೂ ಯಶವಂತಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆವು. ಇಬ್ಬರದೂ ಎಸ್ಸೆಸ್ಸೆಲ್ಸಿ. ಲಗ್ನಪತ್ರಿಕೆಯ ಕೆಲಸ ಕಡಿಮೆಯಾದಾಗ, ನಡುವಯಸ್ಸಿನಲ್ಲಿ, ವೆಬ್‌ಸೈಟ್ ಮಾಡುವುದನ್ನು ಕಲಿತೆವು. ಅದಕ್ಕೆ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಸಿಗುತ್ತದೆ. ಅದರಲ್ಲಿಲ್ಲದ ಕೆಲಸಕ್ಕೆ ಕ್ಲಾಸು, ಹೆಲ್ಪರ್ ಫಂಕ್ಷನ್ನು ಎಂಬ ಪ್ರೋಗ್ರಾಮಿನ ತುಣುಕುಗಳನ್ನು ನಾವೇ ಬರೆದು ಸೇರಿಸಬೇಕು. ಆರ್.ಟಿ. ನಗರದ ಒಂದು ಮೆಡಿಕಲ್ ಸ್ಟೋರಿನ ಸೈಟಿಗೆ ಭಾವ ಅಂಥದೊಂದು ಹೆಲ್ಪರ್ ಬರೆದಿದ್ದರು. ಡಾಕ್ಟರು ಬರೆದ 1-0-1 ಅನ್ನು ಅದು ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಕನ್ನಡ ಮಾಡಿ, ಮಾತ್ರೆಯ ಜೊತೆ ಕೊಡುವ ಚೀಟಿಯಲ್ಲಿ ಅಚ್ಚು ಹಾಕುತ್ತಿತ್ತು.

ಭಾವ ನನ್ನ ಕೆಲಸವನ್ನು ಎಂದೂ ಹಾಗೇ ಬಿಟ್ಟವರಲ್ಲ. ಮುಗಿಯಿತು ಎಂದರೆ ಸಾಕು, ಕುರ್ಚಿ ಎಳೆದುಕೊಂಡು ಬಂದು, “ತಡಿ, ನಾನೊಂದ್ಸಲ ನೋಡ್ತೀನಿ” ಅನ್ನುತ್ತಿದ್ದರು. ಗಿರಾಕಿಗಳ ಎದುರಿಗೂ ಹಾಗೆಯೇ. ತಪ್ಪು ಸಿಕ್ಕಿಯೇ ಸಿಗುತ್ತಿತ್ತು. ಆ ಮಾತು ನನಗೆ ಮುಳ್ಳಾಗಿತ್ತು.

ಅವರು ತೀರಿಕೊಂಡ ಮೇಲೆ ಆ ಸೈಟು ನನ್ನ ಕೈಗೆ ಬಂತು. ಹೆಲ್ಪರ್ ಫೈಲಿನ ಮೊದಲ ಸಾಲಿನಲ್ಲಿ ಅವರ ಹೆಸರಿತ್ತು. ನಿಜ ಹೇಳುತ್ತೇನೆ, ಆ ಹೆಸರು ಕಂಡೇ ಅದನ್ನು ಅಳಿಸಿದೆ. ಒಳಗೇನಿದೆ ಎಂದು ಓದಲಿಲ್ಲ, ಪ್ರತಿಯನ್ನೂ ಉಳಿಸಲಿಲ್ಲ. ನನ್ನದೇ ಕ್ಲಾಸ್ ಬರೆದು ಹಾಕಿದೆ. ಚೀಟಿಗಳು ಅಂದವಾಗಿ ಬಂದವು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಯಲಹಂಕದ ಅಕ್ಕನ ಮನೆಗೆ ಹೋದೆ. ಕೀಲುನೋವಿಗೆ ಡಾಕ್ಟರು ಹೊಸದಾಗಿ ಬರೆದ ಮಾತ್ರೆಯನ್ನು ಅವಳು ಅದೇ ಸ್ಟೋರಿನಿಂದ ತರಿಸಿದ್ದಳು. ಮುದ್ದೆ ಬಡಿಸುತ್ತಾ, “ಏನೋ, ಚೀಟೀಲಿ ನಿಮ್ ಭಾವನ್ ಮಾತು ಹಾಕಿದೀಯಲ್ಲ, ಎದೆ ಝಲ್ ಅಂತು ಕಣೋ. ಹಿಂಗೆಲ್ಲ ತಮಾಷೆ ಮಾಡ್ಬೇಡ” ಅಂದಳು.

ಚೀಟಿ ತೆಗೆದು ನೋಡಿದೆ. ‘ವಾರಕ್ಕೆ ಒಂದೇ. ತಡಿ, ನಾನೊಂದ್ಸಲ ನೋಡ್ತೀನಿ’ ಎಂದಿತ್ತು.

ಆ ಎರಡು ಮಾತನ್ನೂ ನಾನು ಬರೆದಿರಲಿಲ್ಲ. ವಾರಕ್ಕೊಮ್ಮೆ ನುಂಗುವ ಮಾತ್ರೆಯೂ ಇರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಅಂಥದಕ್ಕೆ ಸ್ಟೋರಿನವರು 1-0-0 ಆದ ಮೇಲೆ ಒಂದು ಗುರುತಿನ ಅಕ್ಷರ ಹಾಕುತ್ತಿದ್ದರಂತೆ, ಭಾವನ ಹೆಲ್ಪರ್ ಅದನ್ನೂ ಓದುತ್ತಿತ್ತಂತೆ. ನನ್ನ ಕ್ಲಾಸ್ ಮೂರು ಅಂಕಿ ಓದಿ ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಅಕ್ಕನ ಚೀಟಿ ‘ದಿನಾ ಬೆಳಿಗ್ಗೆ ಒಂದು’ ಎಂದೇ ಬರಬೇಕಿತ್ತು. ಹಾಗೆ ನುಂಗಿದ್ದರೆ ಅವಳು ಉಳಿಯುವುದು ಕಷ್ಟವಿತ್ತು.

ಊಟ ಬಿಟ್ಟು ಸ್ಟೋರಿಗೆ ಓಡಿದೆ. ಅಕ್ಕನದೇ ವಿವರ ಹಾಕಿ ಮತ್ತೆ ಅಚ್ಚು ಹಾಕಿಸಿದೆ. ‘ದಿನಾ ಬೆಳಿಗ್ಗೆ ಒಂದು’. ಎಷ್ಟು ಸಲ ಹಾಕಿಸಿದರೂ ಅದೇ. ಸೈಟಿನ ಎಲ್ಲ ಫೈಲುಗಳಲ್ಲೂ ಭಾವನ ಮಾತನ್ನು ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಅಂಥ ಮಾತ್ರೆ ಒಯ್ದಿದ್ದ ಉಳಿದವರಿಗೆ ಸ್ಟೋರಿನವರು ಫೋನ್ ಮಾಡತೊಡಗಿದರು. ಚಿಕ್ಕಜಾಲದ ಒಬ್ಬ ಅಜ್ಜಿ ಚೀಟಿಯಲ್ಲಿದ್ದಂತೆ ದಿನವೂ ನುಂಗಿ, ಬಾಯೆಲ್ಲ ಹುಣ್ಣಾಗಿ ಆಸ್ಪತ್ರೆ ಸೇರಿದ್ದರು. ಬಹಳ ಕಷ್ಟಪಟ್ಟು ಉಳಿದರು. ಅವರ ಮನೆಯ ಬಾಗಿಲಿಗೆ ಹೋಗಿ ತಪ್ಪಾಯಿತು ಎನ್ನಲು ನನಗೆ ಇವತ್ತಿನವರೆಗೂ ಕಾಲು ಬಂದಿಲ್ಲ. ಅವರ ಚೀಟಿಯನ್ನು ಭಾವ ಯಾಕೆ ನೋಡಲಿಲ್ಲವೋ.

ಅಕ್ಕ ಆ ಚೀಟಿಯನ್ನು ಮಾತ್ರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಅಂಗಡಿ ಬಿಲ್ಲಿನಂಥ ತೆಳು ಕಾಗದ ಅದು. ಅಕ್ಷರ ಬಹಳ ಕಾಲ ನಿಲ್ಲುವುದಿಲ್ಲ. ಸ್ಟೋರಿನ ಹೆಸರು ಮಾಸಿದೆ, ಅಕ್ಕನ ಹೆಸರು ಮಾಸಿದೆ, ‘ವಾರಕ್ಕೆ ಒಂದೇ’ ಎಂಬುದೂ ಮಾಸಿದೆ. ಕೊನೆಯ ಮಾತು ಮಾತ್ರ ಮೊನ್ನೆ ನೋಡಿದಾಗಲೂ ಕಪ್ಪಗೇ ಇತ್ತು. ಅದನ್ನು ಹಾಕಿದ್ದು ನಾನಲ್ಲ ಎಂದು ಗೊತ್ತಾದ ಮೇಲೆ, ಭಾವ ತನಗೇ ಹೇಳಿದ ಮಾತೆಂದು ಅಕ್ಕ ನಂಬಿದ್ದಾಳೆ. ಭಾವನ ಫೈಲನ್ನು ನಾನು ಅಳಿಸಿದ್ದು ಅವಳಿಗೆ ಗೊತ್ತಿಲ್ಲ.